ದೇವರು ಮೊದಲೇ ಆರಿಸಿಬಿಟ್ಟಿದ್ರೆ ನಾನು ನಂಬೋದ್ರಲ್ಲಿ ನನ್ನದೇನಿದೆ?

ನಿಮ್ಮ ಪ್ರಶ್ನೆ ಏನಂದ್ರೆ, ಯಾರು ರಕ್ಷಣೆ ಹೊಂದ್ತಾರೆ ಅಂತ ಲೋಕ ಹುಟ್ಟೋಕೆ ಮುಂಚೆನೇ ದೇವರು ಆರಿಸಿಟ್ಟಿದಾನೆ ಅಂತ ಬೈಬಲ್ ಹೇಳುತ್ತಲ್ಲ, ಹಾಗಾದ್ರೆ ನಾನು ನಂಬಿದ್ರೂ ಬಿಟ್ರೂ ಏನು ವ್ಯತ್ಯಾಸ, ಮತ್ತೆ ನಾನು ಆ ಲಿಸ್ಟಲ್ಲೇ ಇಲ್ಲ ಅಂದ್ರೆ ಏನ್ಮಾಡ್ಲಿ ಅಂತ. ಇದ್ರಲ್ಲಿ ಎರಡು ಪ್ರಶ್ನೆ ಇದೆ. ಮೊದಲನೇದು ವಾದದ್ದು, ಎರಡನೇದು ಭಯದ್ದು. ಎರಡನ್ನೂ ಒಂದೇ ಅಂದ್ಕೊಂಡು ಉತ್ತರ ಕೊಟ್ಟು ನಾನೇ ಒಂದ್ಸಲ ದೊಡ್ಡ ತಪ್ಪು ಮಾಡಿದೀನಿ, ಅದಕ್ಕೇ ಬರೀತಿದೀನಿ.

ನಾನು ಪಾಸ್ಟರ್ ಅಲ್ಲ, ಥಿಯಾಲಜಿ ಡಿಗ್ರಿನೂ ಇಲ್ಲ. ಆದ್ರೆ ಇಪ್ಪತ್ತರ ಆಸುಪಾಸಲ್ಲಿ ಈ ವಿಷಯದ ಹುಚ್ಚು ಹಿಡಿದಿತ್ತು, ಪಕ್ಕಾ ಕ್ಯಾಲ್ವಿನಿಸ್ಟ್ (ಯಾರು ರಕ್ಷಣೆ ಹೊಂದ್ತಾರೆ ಅನ್ನೋದು ಪೂರ್ತಿ ದೇವರ ಆಯ್ಕೆ ಅನ್ನೋ, ಕ್ಯಾಲ್ವಿನ್ ಅನ್ನೋ ಸುಧಾರಕನ ದಾರಿಯವನು), ಬೈಬಲ್ ಸ್ಟಡಿಯಲ್ಲಿ ಯಾರಾದ್ರೂ "ನಾನು ಯೇಸುವನ್ನ ಆರಿಸ್ಕೊಂಡೆ" ಅಂತ ಬಾಯಿ ತೆಗೆದ್ರೆ ಸಾಕು, ನೀನಲ್ಲ ಆರಿಸಿದ್ದು ಅಂತ ಯೋಹಾನ 15:16 ತೆಗೆದು ಮುಖಕ್ಕೆ ಹಿಡೀತಿದ್ದೆ. ವಾದದಲ್ಲಿ ಗೆಲ್ತಿದ್ದೆ ಬೇರೆ. ಒಂದು ರಾತ್ರಿ ಗುಂಪಿನ ಒಬ್ಬ ಚಿಕ್ಕ ಹುಡುಗ ಎಲ್ರೂ ಹೋದ್ಮೇಲೆ ಉಳ್ಕೊಂಡು ಕೇಳ್ದ, "ಅಣ್ಣ, ನನ್ನ ಆರಿಸಿಲ್ಲ ಅಂದ್ರೆ?" ನಾನು ಏನ್ಮಾಡ್ದೆ ಗೊತ್ತಾ, ಪೌಲ ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯ ತೆಗೆದು, ಮಣ್ಣಿಂದ ಏನು ಮಾಡ್ಬೇಕು ಅನ್ನೋದು ಕುಂಬಾರನ ಇಷ್ಟ, ಹುಟ್ಟೋಕೆ ಮುಂಚೆನೇ ದೇವರು ಏಸಾವನನ್ನ ಬಿಟ್ಟು ಯಾಕೋಬನನ್ನ ಆರಿಸಿದ ಅಂತ ಅರ್ಧ ಗಂಟೆ ವಿವರಿಸಿದೆ. ಹುಡುಗ ಮುಂದಿನ ವಾರದಿಂದ ಬರೋದನ್ನೇ ನಿಲ್ಲಿಸಿದ.

ಮೊದಲು ವಾದದ ಭಾಗ. ನೀವು ಕೇಳಿದ ಪ್ರಶ್ನೆನೇ ಸುಮಾರು 1,600 ವರ್ಷದ ಹಿಂದೆ ಉತ್ತರ ಆಫ್ರಿಕಾದ ಹಡ್ರುಮೇಟಮ್ ಅನ್ನೋ ಊರಿನ ಮಠದ ಸನ್ಯಾಸಿಗಳು ಕೇಳಿದ್ರು. ಆಗ ಹಿಪ್ಪೋದ ಬಿಷಪ್ ಅಗಸ್ಟೀನ್‌ಗೂ ಬ್ರಿಟನ್ ಕಡೆಯ ಪೆಲಾಜಿಯಸ್ ಬೆಂಬಲಿಗರಿಗೂ ಜೋರು ಜಗಳ ನಡೆದಿತ್ತು. "ನೀನು ಆಜ್ಞಾಪಿಸೋದನ್ನ ಮಾಡೋ ಶಕ್ತಿ ಕೊಡು, ಆಮೇಲೆ ನಿನಗೆ ಬೇಕಾದ್ದನ್ನ ಆಜ್ಞಾಪಿಸು" ಅನ್ನೋ ಅರ್ಥದ ಅಗಸ್ಟೀನನ ಪ್ರಾರ್ಥನೆ ಕೇಳಿ ಪೆಲಾಜಿಯಸ್‌ಗೆ ತಡೆಯೋಕಾಗ್ಲಿಲ್ಲ ಅಂತೆ. ಅವನ ಲೆಕ್ಕದಲ್ಲಿ, ದೇವರು ಮಾಡು ಅಂದಮೇಲೆ ಮಾಡೋ ಶಕ್ತಿ ನಮ್ಮಲ್ಲೇ ಇರ್ಬೇಕು, ಇಲ್ಲಾಂದ್ರೆ ಆಜ್ಞೆ ಯಾಕೆ. 418ರಲ್ಲಿ ಕಾರ್ತೇಜ್ ಸಭೆ ಪೆಲಾಜಿಯಸ್ ಬೋಧನೆ ತಪ್ಪು ಅಂತ ತೀರ್ಮಾನಿಸ್ತು. ಆಮೇಲೆ ಈ ಸನ್ಯಾಸಿಗಳು ಅಗಸ್ಟೀನನ ಬರಹ ಓದಿ ತಲೆ ಕೆಡಿಸ್ಕೊಂಡ್ರು, ಎಲ್ಲಾ ಕೃಪೆನೇ ಆದ್ರೆ ನಾವು ತಪ್ಪು ಮಾಡ್ದಾಗ ಹಿರಿಯರು ಯಾಕೆ ಬೈಬೇಕು, ನಮಗೋಸ್ಕರ ಪ್ರಾರ್ಥನೆ ಮಾಡಿದ್ರೆ ಸಾಲ್ದಾ ಅಂತ! ಪಾಪ ಅಗಸ್ಟೀನ್ ಅದಕ್ಕಂತಲೇ ಕೂತು ಇನ್ನೊಂದು ಪುಸ್ತಕ ಬರೀಬೇಕಾಯ್ತು.

529ರಲ್ಲಿ ಓರೆಂಜ್‌ನಲ್ಲಿ ಸೇರಿದ ಸಭೆ ಹೇಳಿದ್ದನ್ನ ಸ್ವಲ್ಪ ನೆನಪಿಟ್ಕೊಳ್ಳಿ. ನಂಬಬೇಕು ಅಂತ ಮನಸ್ಸಲ್ಲಿ ಹುಟ್ಟೋ ಮೊದಲ ಆಸೆನೂ ಕೃಪೆಯಿಂದಾನೇ, ಆದ್ರೆ ದೇವರು ಯಾರನ್ನೋ ಕೆಟ್ಟದ್ದಕ್ಕೆ ಅಂತಲೇ ಮೊದಲೇ ನೇಮಿಸಿದಾನೆ ಅನ್ನೋದನ್ನ ಮಾತ್ರ ನಾವು ಒಪ್ಪಲ್ಲ ಅಂದ್ರು. ಈ ಎರಡು ಗೆರೆ ಮಧ್ಯದಲ್ಲೇ ಮುಂದಿನ ಹೆಚ್ಚಿನ ಗಲಾಟೆ ಎಲ್ಲಾ ನಡೆದಿರೋದು.

ಈಗ ಜನ ತಪ್ಪು ತಿಳ್ಕೊಳ್ಳೋ ಜಾಗ. ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಕೇಳಿರ್ತೀರಿ. ಮಂಗನ ಮರಿ ತಾನೇ ತಾಯಿನ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ, ಬೆಕ್ಕಿನ ಮರಿನ ತಾಯಿನೇ ಬಾಯಲ್ಲಿ ಕಚ್ಕೊಂಡು ಹೋಗುತ್ತೆ. ಕ್ಯಾಲ್ವಿನಿಸ್ಟ್ ಅಂದ್ರೆ ಬೆಕ್ಕು, ಅವರಿಗೆ ಎದುರು ನಿಂತ ಅರ್ಮೀನಿಯನ್ (ಅರ್ಮೀನಿಯಸ್ ಅನ್ನೋನ ಕಡೆಯವರು) ಅಂದ್ರೆ ಮಂಗ ಅಂತ ಸುಲಭವಾಗಿ ಹೇಳ್ಬಿಡಬಹುದು, ನಾನೂ ಹಾಗೇ ಹೇಳ್ತಿದ್ದೆ. ತಪ್ಪು. ಡಚ್ ಪ್ರೊಫೆಸರ್ ಯಾಕೋಬ್ ಅರ್ಮೀನಿಯಸ್ ಏನೂ ಕ್ಯಾಲ್ವಿನ್ ವಿರೋಧಿ ಪಾಳಯದಲ್ಲಿ ಹುಟ್ಟಿ ಬೆಳೆದವನಲ್ಲ, ಜಿನೀವಾದಲ್ಲಿ ಕ್ಯಾಲ್ವಿನ್ ನಂತರ ಬಂದ ಬೇಝಾ ಹತ್ರಾನೇ ಓದಿದವನು. ಪಾಪಕ್ಕೆ ಬಿದ್ದ ಮನುಷ್ಯನ ಚಿತ್ತ ತಾನಾಗೇ ಒಳ್ಳೇದರ ಕಡೆ ತಿರುಗಲ್ಲ ಅಂತ ಅವನೂ ಒಪ್ತಾನೆ. ಅವನು 1609ರಲ್ಲಿ ತೀರ್ಕೊಂಡ ಮೇಲೆ 1610ರಲ್ಲಿ ಅವನ ಕಡೆಯವರು ಐದು ಅಂಶದ ಮನವಿ ಬರೆದ್ರಲ್ಲ, ಅದ್ರಲ್ಲೂ ಕೃಪೆ ಇಲ್ಲದೆ ಮನುಷ್ಯನ ಕೈಯಲ್ಲಿ ಏನೂ ಆಗಲ್ಲ ಅಂತ ಸ್ಪಷ್ಟವಾಗಿದೆ. ಅಂದ್ರೆ ಅವನ ಪ್ರಕಾರಾನೂ ನಾವು ಬೆಕ್ಕಿನ ಮರಿನೇ, ಆದ್ರೆ ಒದ್ದಾಡಿ ಕೆಳಗೆ ಬೀಳಬಲ್ಲ ಮರಿ. ಜಗಳ ಇರೋದು ಆ ಒದ್ದಾಟದ ಬಗ್ಗೆ. ಕೃಪೆನ ಬೇಡ ಅನ್ನೋಕೆ ಮನುಷ್ಯನಿಗೆ ಕೊನೇವರೆಗೂ ಸಾಧ್ಯನಾ, ಇಲ್ಲಾ ದೇವರು ಆರಿಸಿದವರಲ್ಲಿ ಆ ಬೇಡ ಅನ್ನೋ ಮನಸ್ಸನ್ನೇ ಬದಲಾಯಿಸ್ಬಿಡ್ತಾನಾ? ಇಷ್ಟೇ. ಇಷ್ಟಕ್ಕೇ 400 ವರ್ಷ.

ಕ್ಯಾಲ್ವಿನಿಸ್ಟ್ ಕಡೆ ಬಗ್ಗೆಯೂ ಅಷ್ಟೇ ತಪ್ಪು ಕಲ್ಪನೆ ಇದೆ. ದೇವರು ಜುಟ್ಟು ಹಿಡಿದು ಎಳ್ಕೊಂಡು ಹೋಗ್ತಾನೆ ಅಂತ ಅವರು ಹೇಳಲ್ಲ. ಮನುಷ್ಯ ತನಗೆ ಬೇಕಾದ್ದನ್ನೇ ಮಾಡ್ತಾನೆ, ತೊಂದರೆ ಇರೋದು ಅವನಿಗೆ ದೇವರು ಬೇಕಾಗಿಲ್ಲ ಅನ್ನೋದ್ರಲ್ಲಿ, ದೇವರು ಆ ಬೇಕು ಅನ್ನೋದನ್ನ ಹೊಸದಾಗಿ ಕೊಟ್ಟಾಗ ಮನುಷ್ಯ ಖುಷಿಯಿಂದಾನೇ ಬರ್ತಾನೆ ಅಂತಾರೆ.

ಈ 1610ರ ಮನವಿ ವಿಚಾರ್ಸೋಕೆ 1618-19ರಲ್ಲಿ ಹಾಲೆಂಡಿನ ಡಾರ್ಟ್‌ನಲ್ಲಿ ದೊಡ್ಡ ಸಿನಡ್, ಅಂದ್ರೆ ಚರ್ಚ್ ಸಭೆ, ನಡೀತು, ಮನವಿನ ತಳ್ಳಿಹಾಕಿ ಕ್ಯಾಲ್ವಿನಿಸ್ಟ್ ಕಡೆ ನಿರ್ಣಯ ಬರೀತು. ಅದು ಬರೀ ದೇವಶಾಸ್ತ್ರ ಆಗಿರ್ಲಿಲ್ಲ, ಪಕ್ಕಾ ರಾಜಕೀಯನೂ ಇತ್ತು. ಅರ್ಮೀನಿಯನ್ನರಿಗೆ ಬೆಂಬಲ ಕೊಟ್ಟಿದ್ದ ಹಿರಿಯ ರಾಜಕಾರಣಿ ಓಲ್ಡನ್‌ಬಾರ್ನೆವೆಲ್ಟ್‌ಗೆ 1619ರ ಮೇ ತಿಂಗಳಲ್ಲಿ, 71ನೇ ವಯಸ್ಸಲ್ಲಿ ತಲೆ ಕಡಿಸಿದ್ರು. ಅದೇ ಕಡೆಯವನಾಗಿ ಜೀವಾವಧಿ ಶಿಕ್ಷೆ ಆಗಿದ್ದ ಕಾನೂನು ಪಂಡಿತ ಹ್ಯೂಗೋ ಗ್ರೋಷಿಯಸ್ 1621ರಲ್ಲಿ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ಜೈಲಿಂದ ಪರಾರಿಯಾದ. ಕೃಪೆ ಬಗ್ಗೆ ವಾದ ಮಾಡ್ತಾ ಮಾಡ್ತಾ ಎಲ್ಲಿಗೆ ಹೋದ್ರು ನೋಡಿ! ಕ್ಯಾಥೊಲಿಕರಲ್ಲೂ ಇದೇ ಜಗಳ ಡೊಮಿನಿಕನ್ನರಿಗೂ ಜೆಸ್ವಿಟರಿಗೂ ನಡೀತು, ಮೊಲಿನಾ ಅನ್ನೋ ಜೆಸ್ವಿಟ್ 1588ರಲ್ಲಿ ಬರೆದ ಪುಸ್ತಕ ಅದಕ್ಕೆ ಕಾರಣ, ರೋಮಿನಲ್ಲಿ ವರ್ಷಗಟ್ಲೆ ವಿಚಾರಣೆ ಆಗಿ ಕೊನೆಗೆ 1607ರಲ್ಲಿ ಪೋಪ್ ಐದನೇ ಪಾಲ್ ಯಾರ ಕಡೆಗೂ ತೀರ್ಪು ಕೊಡ್ದೆ, ಒಬ್ರನ್ನೊಬ್ರು ಧರ್ಮಭ್ರಷ್ಟರು ಅಂತ ಕರೀಬೇಡಿ ಅಂತ ಹೇಳಿ ಮನೆಗೆ ಕಳಿಸಿದ್ರು. ನನ್ನ ಕೇಳಿದ್ರೆ ಇಡೀ ಚರಿತ್ರೆಯಲ್ಲಿ ಅದೇ ಜಾಣ ತೀರ್ಮಾನ.

ಯಾರು ಸರಿ ಅಂತೀರಾ? ನಾನು ಇಷ್ಟು ವರ್ಷ ಓದಿ ಕಂಡ್ಕೊಂಡಿದ್ದು ಅಂದ್ರೆ, ಎಲ್ರ ಲೆಕ್ಕದಲ್ಲೂ ಒಂದು ಕಡೆ "ಇದು ನಮಗೆ ಗೊತ್ತಾಗಲ್ಲ" ಅನ್ನೋ ಗುಂಡಿ ಇದೆ, ಆ ಗುಂಡಿ ಎಲ್ಲಿ ತೋಡ್ಕೊಂಡಿದಾರೆ ಅನ್ನೋದಷ್ಟೇ ವ್ಯತ್ಯಾಸ. ಎಲ್ಲ ಮನುಷ್ಯರೂ ರಕ್ಷಣೆ ಹೊಂದಬೇಕು ಅಂತ ದೇವರಿಗೆ ಇಷ್ಟ ಅಂತ 1 ತಿಮೊಥೆಯ 2:4 ಹೇಳುತ್ತಲ್ಲ, ಹಾಗಾದ್ರೆ ಎಲ್ರನ್ನೂ ಯಾಕೆ ಆರಿಸ್ಲಿಲ್ಲ ಅಂದ್ರೆ ಕ್ಯಾಲ್ವಿನಿಸ್ಟ್ ತಡವರಿಸ್ತಾನೆ. ಕ್ಯಾಲ್ವಿನ್ನೇ ಇದನ್ನ ಭಯಂಕರ ನಿರ್ಣಯ ಅಂತ ಒಪ್ಕೊಂಡಿದಾನೆ. ಅರ್ಮೀನಿಯನ್ ಹತ್ರ ಹೋಗಿ, ಇಬ್ರಿಗೂ ಅದೇ ಕೃಪೆ ಸಿಕ್ತು, ಒಬ್ಬ ಹೂಂ ಅಂದ ಇನ್ನೊಬ್ಬ ಊಹೂಂ ಅಂದ, ಯಾಕೆ ಅಂತ ಕೇಳಿ, ಹೂಂ ಅಂದವನು ಸ್ವಲ್ಪ ಒಳ್ಳೆಯವನಾ ಅಂತ ಕೇಳಿ, ಅವನೂ ತಡವರಿಸ್ತಾನೆ. ದೇವರಿಗೆ ಮೊದಲೇ ಗೊತ್ತಿತ್ತು, ಅದಕ್ಕೆ ಆರಿಸಿದ ಅಂದ್ರೆ, ಹಾಗೆ ಗೊತ್ತಿದ್ದೂ ಬೇಡ ಅನ್ನೋನನ್ನ ಸೃಷ್ಟಿಸಿದ್ದು ಯಾಕೆ ಅನ್ನೋದು ಹಾಗೇ ಉಳಿಯುತ್ತೆ. ಮಾರ್ಟಿನ್ ಲೂಥರನ ದಾರಿಯ ಲೂಥರನ್ನರು ಇನ್ನೂ ವಿಚಿತ್ರ. ರಕ್ಷಣೆ ಆದ್ರೆ ಅದು ಪೂರ್ತಿ ದೇವರದ್ದು, ನಾಶ ಆದ್ರೆ ಅದು ಪೂರ್ತಿ ನಮ್ಮದು, ಎರಡನ್ನೂ ಜೋಡಿಸೋಕೆ ಹೋಗ್ಬೇಡಿ ಅಂತಾರೆ. ಆಗ ನಂಗೆ ಇದು ತಪ್ಪಿಸ್ಕೊಳ್ಳೋ ಉತ್ತರ ಅನಿಸ್ತಿತ್ತು. ಈಗ ಅಷ್ಟು ಅನಿಸಲ್ಲ.

ಬೈಬಲ್ಲೇ ಹೀಗಿದ್ರೆ ಏನ್ಮಾಡೋಕಾಗುತ್ತೆ ಹೇಳಿ. ಈಜಿಪ್ಟಿನ ರಾಜ ಫರೋಹನ ಕಥೆ ತಗೊಳ್ಳಿ, ವಿಮೋಚನಕಾಂಡ 8ನೇ ಅಧ್ಯಾಯದಲ್ಲಿ ಫರೋಹನೇ ತನ್ನ ಹೃದಯ ಕಠಿಣ ಮಾಡ್ಕೊಂಡ ಅಂತಿದೆ, 9ನೇ ಅಧ್ಯಾಯಕ್ಕೆ ಬಂದ್ರೆ ಯೆಹೋವನೇ ಕಠಿಣ ಮಾಡಿದ ಅಂತಿದೆ. ಫಿಲಿಪ್ಪಿಯವರಿಗೆ 2ರಲ್ಲಿ ನಿಮ್ಮ ರಕ್ಷಣೆನ ನೀವೇ ಭಯಭಕ್ತಿಯಿಂದ ಸಾಧಿಸ್ಕೊಳ್ಳಿ ಅಂತ ಹೇಳಿ, ಮುಂದಿನ ವಚನದಲ್ಲೇ ಯಾಕಂದ್ರೆ ನಿಮ್ಮೊಳಗೆ ಕೆಲಸ ಮಾಡ್ತಿರೋನು ದೇವರೇ ಅಂತಾನೆ ಪೌಲ. "ಆದ್ರೆ" ಅನ್ನಲ್ಲ, "ಯಾಕಂದ್ರೆ" ಅಂತಾನೆ. ನಿಮ್ಮ ಮೊದಲನೇ ಪ್ರಶ್ನೆಗೆ ನನ್ನ ಹತ್ರ ಇರೋ ಉತ್ತರ ಆ "ಯಾಕಂದ್ರೆ"ನೇ. ನಿಮ್ಮ ನಂಬಿಕೆ ನಿಮ್ಮದೇ, ಅದ್ರ ಹಿಂದೆ ದೇವರ ಕೈ ಇದೆ ಅನ್ನೋದ್ರಿಂದ ಅದು ನಾಟಕ ಆಗಿಬಿಡಲ್ಲ.

ರೋಮಾ 9 ಬಗ್ಗೆ ಒಂದು ಮಾತು, ಯಾಕಂದ್ರೆ ಯಾರಾದ್ರೂ ಅದನ್ನ ನಿಮ್ಮ ಮೇಲೆ ಎಸೀತಾರೆ, ಗ್ಯಾರಂಟಿ. ಅಧ್ಯಾಯ ನಂಬರ್ ಪೌಲ ಹಾಕಿದ್ದಲ್ಲ, ಎಷ್ಟೋ ಶತಮಾನ ಆದ್ಮೇಲೆ ಬಂದಿದ್ದು, 9, 10, 11 ಒಂದೇ ಮಾತು. ಇಸ್ರಾಯೇಲ್ಯರಲ್ಲಿ ಬಹಳ ಜನ ಕ್ರಿಸ್ತನನ್ನ ಒಪ್ಕೊಳ್ಳಲಿಲ್ಲ, ಹಾಗಾದ್ರೆ ದೇವರ ಮಾತು ಸುಳ್ಳಾಯ್ತಾ ಅನ್ನೋ ಸಂಕಟದಲ್ಲಿ ಶುರು ಮಾಡ್ತಾನೆ, 10ರಲ್ಲಿ ಕರ್ತನ ಹೆಸರು ಹೇಳಿ ಕೂಗೋ ಯಾರೇ ಆದ್ರೂ ರಕ್ಷಣೆ ಹೊಂದ್ತಾರೆ ಅಂತಾನೆ, 11ರ ಕೊನೆಗೆ ದೇವರು ಎಲ್ರನ್ನೂ ಅವಿಧೇಯತೆಯಲ್ಲಿ ಕಟ್ಟಿಹಾಕಿದ್ದು ಎಲ್ರಿಗೂ ಕರುಣೆ ತೋರ್ಸೋಕೆ ಅಂತ ಹೇಳಿ, ಆಮೇಲೆ ವಾದ ನಿಲ್ಲಿಸಿ ಹೊಗಳಿಕೆಗೆ ಇಳೀತಾನೆ. ನಾನು ಆ ಹುಡುಗನಿಗೆ 9 ಓದಿ ಪುಸ್ತಕ ಮುಚ್ಚಿದ್ದೆ.

ಇನ್ನು ಭಯದ ಪ್ರಶ್ನೆ. ಲಿಸ್ಟಲ್ಲಿ ನನ್ನ ಹೆಸರಿದೆಯಾ ಅಂತ ನೋಡೋಕೆ ಹೊರಟ್ರೆ ದಾರಿ ಸಿಗದ ಚಕ್ರವ್ಯೂಹಕ್ಕೆ ಬೀಳ್ತೀಯ ಅಂತ ಎಚ್ಚರಿಸಿದ್ದು ಯಾರೋ ಅರ್ಮೀನಿಯನ್ ಅಲ್ಲ, ಸ್ವತಃ ಕ್ಯಾಲ್ವಿನ್. ಆಯ್ಕೆನ ನೋಡ್ಕೊಳ್ಳೋ ಕನ್ನಡಿ ಕ್ರಿಸ್ತನೇ, ನಮ್ಮೊಳಗೆ ಹುಡುಕಿದ್ರೆ ಸಿಗಲ್ಲ ಅಂತಾನೆ. ಅದಕ್ಕಿಂತ ದೊಡ್ಡ ಆಶ್ಚರ್ಯ ಡಾರ್ಟ್‌ನವರದ್ದು. ಇಷ್ಟೆಲ್ಲಾ ಕಠಿಣ ಅಂತ ಹೆಸರು ತಗೊಂಡಿರೋ ಆ ನಿರ್ಣಯಗಳ ಮೊದಲನೇ ಭಾಗದ 16ನೇ ಅಂಶದಲ್ಲಿ ನಿಮ್ಮಂಥವರಿಗೇ ಬರೆದಿದಾರೆ: ನಂಬಿಕೆ ಗಟ್ಟಿಯಾಗಿದೆ ಅಂತ ಇನ್ನೂ ಅನಿಸ್ದೇ ಇರೋರು, ಆದ್ರೆ ದೇವರ ಕಡೆ ತಿರುಗ್ಬೇಕು ಅಂತ ನಿಜವಾಗ್ಲೂ ಆಸೆ ಇರೋರು, ತಿರಸ್ಕೃತರು (ದೇವರು ಆರಿಸದೆ ಬಿಟ್ಟವರು) ಅನ್ನೋ ಮಾತು ಕೇಳಿ ಹೆದರ್ಬಾರ್ದು, ತಮ್ಮನ್ನ ಆ ಗುಂಪಿಗೆ ಸೇರಿಸ್ಕೊಳ್ಳಬಾರ್ದು, ಪ್ರಾರ್ಥನೆ, ವಾಕ್ಯ ಬಿಡದೆ ಕಾಯ್ಬೇಕು ಅಂತ. ನಾನು ಅಷ್ಟು ವರ್ಷ ಡಾರ್ಟ್ ಡಾರ್ಟ್ ಅಂತ ಕುಣಿದೆ, ಕ್ಯಾಲ್ವಿನಿಸ್ಟರ ಐದು ಅಂಶಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿದ ಟ್ಯುಲಿಪ್ (TULIP) ಅನ್ನೋ ಐದಕ್ಷರ ಬಾಯಿಪಾಠ ಮಾಡಿದ್ದೆ, ಈ ಅಂಶ ಓದಿರ್ಲಿಲ್ಲ. ಓದಿದ್ರೆ ಆ ರಾತ್ರಿ ಅದನ್ನೇ ಹೇಳ್ತಿದ್ದೆ.

ಹಾಗಾದ್ರೆ ಸುವಾರ್ತೆ ಸಾರೋದು, ಪ್ರಾರ್ಥನೆ ಎಲ್ಲಾ ಯಾಕೆ ಅಂತಾರೆ ಕೆಲವ್ರು. ಅಪೊಸ್ತಲರ ಕೃತ್ಯಗಳು 18 ನೋಡಿ, ಕೊರಿಂಥದಲ್ಲಿ ಪೌಲ ಹೆದರಿದಾಗ ಕರ್ತನು ಹೇಳಿದ್ದು, ಸುಮ್ಮನಿರಬೇಡ ಮಾತಾಡು, ಈ ಪಟ್ಟಣದಲ್ಲಿ ನನಗೆ ಬಹಳ ಜನ ಇದಾರೆ ಅಂತ. ಜನ ಇದಾರೆ ಅನ್ನೋದು ಅಲ್ಲಿ ಸುಮ್ಮನೆ ಕೂರೋಕಲ್ಲ, ಮಾತಾಡೋಕೆ ಕಾರಣ. ಪೌಲ ಒಂದೂವರೆ ವರ್ಷ ಅಲ್ಲೇ ಉಳಿದ.

ನಾನೀಗ ಎಲ್ಲಿದೀನಿ ಅಂದ್ರೆ, ಮೊದಲಿನ ಜಾಗದಿಂದ ಅರ್ಧ ದಾರಿ ಈಚೆ ಬಂದಿದೀನಿ, ಮೆಥೊಡಿಸ್ಟ್ ಪಂಥ ಶುರು ಮಾಡಿದ ಇಂಗ್ಲೆಂಡಿನ ಜಾನ್ ವೆಸ್ಲಿನ ಓದಿದ್ಮೇಲೆ. 1739ರಲ್ಲಿ ಅವನು ಮಾಡಿದ ಪ್ರಸಂಗದಲ್ಲಿ, ದೇವರು ಮೊದಲೇ ಆರಿಸಿಟ್ಟಿದಾನೆ ಅನ್ನೋ ಬೋಧನೆ ದೇವರನ್ನ ಸೈತಾನನಿಗಿಂತ ಕೆಟ್ಟವನಾಗಿ ತೋರಿಸುತ್ತೆ ಅಂತ ಬೆಂಕಿ ಕಾರಿದಾನೆ, ಅದು ಜಾಸ್ತಿ ಆಯ್ತು ಅನಿಸಿದ್ರೂ ಮರೆಯೋಕಾಗಲ್ಲ. ಅವನ ಜೊತೆ ಇದೇ ವಿಷಯಕ್ಕೆ ಕಿತ್ತಾಡಿದ ಕ್ಯಾಲ್ವಿನಿಸ್ಟ್ ಪ್ರಸಂಗಿ ವಿಟ್‌ಫೀಲ್ಡ್ 1770ರಲ್ಲಿ ಸತ್ತಾಗ ಲಂಡನ್ನಲ್ಲಿ ಸ್ಮರಣೆ ಪ್ರಸಂಗ ಮಾಡಿದ್ದೂ ವೆಸ್ಲಿನೇ.

ಆ ಹುಡುಗ ಸುಮಾರು ಒಂದು ವರ್ಷ ಆದ್ಮೇಲೆ ತಾನಾಗೇ ಫೋನ್ ಮಾಡ್ದ. ನಾನು ಕ್ಷಮೆ ಕೇಳಿದೆ, ಆಯ್ಕೆ ಗೀಯ್ಕೆ ಬಗ್ಗೆ ತಲೆ ಕೆಡಿಸ್ಕೋಬೇಡ ಅಂದೆ. ಅವನು ನಗಾಡ್ದ. ಅಷ್ಟೊತ್ತಿಗೆ ಅವನೇ ಕೂತು ಎಲ್ಲಾ ಓದಿ ಪಕ್ಕಾ ಕ್ಯಾಲ್ವಿನಿಸ್ಟ್ ಆಗಿದ್ದ. "ನಾನು ಹಿಡ್ಕೊಂಡಿದ್ದಾಗಿದ್ರೆ ಯಾವತ್ತೋ ಬಿಟ್ಟಿರ್ತಿದ್ದೆ ಅಣ್ಣ, ಆ ಕಡೆಯಿಂದ ಹಿಡ್ಕೊಂಡಿರೋದಕ್ಕೆ ಇದೀನಿ" ಅಂದ. ಈಗ ಸಿಕ್ಕಾಗೆಲ್ಲಾ ವಾದಕ್ಕೆ ಬರ್ತಾನೆ, ಬಹಳ ಸಲ ಗೆಲ್ಲೋದೂ ಅವನೇ.