ಹೇಳಿಕೆಯನ್ನು ಯಾವ ಭಾಷೆಯಲ್ಲಿ ಬರೆದುಕೊಳ್ಳಬೇಕು?

ದಾವಣಗೆರೆಯಲ್ಲಿ ಆಪ್ತಸಮಾಲೋಚಕಿಯಾಗಿ ಹೊಸದಾಗಿ ಸೇರಿರುವ ತಾವು, ಕೌಟುಂಬಿಕ ದೌರ್ಜನ್ಯವನ್ನು ಉರ್ದುವಿನಲ್ಲಿ ತೋಡಿಕೊಳ್ಳುವ ಮಹಿಳೆಯ ಮಾತನ್ನು ನೇರವಾಗಿ ಕನ್ನಡದಲ್ಲೇ ಬರೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಬರೆದುಕೊಳ್ಳಬಹುದು, ಆದರೆ ಮುಖ್ಯವಾದ ಮಾತುಗಳನ್ನು ಆಕೆ ಆಡಿದಂತೆಯೇ ಕನ್ನಡ ಲಿಪಿಯಲ್ಲಿಟ್ಟು, ಪಕ್ಕದಲ್ಲಿ ಅರ್ಥ ಬರೆಯಿರಿ. ‘ಹಾತ್ ಉಠಾಯಾ’ ಎಂದರೆ ಹೊಡೆದ ಎಂದರ್ಥ. ಅದನ್ನು ‘ಕೈ ಎತ್ತಿದ’ ಎಂದು ಪದಕ್ಕೆ ಪದ ಇಳಿಸಿದರೆ, ಗಂಡ ಜವಾಬ್ದಾರಿಯಿಂದ ನುಣುಚಿಕೊಂಡ ಎಂದು ಓದುವವರೂ ಉಂಟು, ಅಲ್ಲಿಗೆ ಏಟು ಕಡತದಿಂದಲೇ ಮಾಯವಾಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ, ನೊಂದ ಮಹಿಳೆಗೆ ನೆರವಾಗಲು ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿ ಸಿದ್ಧಪಡಿಸುವ ಕೌಟುಂಬಿಕ ಘಟನಾ ವರದಿ ಮ್ಯಾಜಿಸ್ಟ್ರೇಟರ ಮುಂದೆ ಹೋಗುವುದರಿಂದ, ಸಹಿಗೆ ಮುನ್ನ ಅದನ್ನು ಆಕೆಗೆ ಉರ್ದುವಿನಲ್ಲಿ ಓದಿ ಹೇಳಿ. ಜೊತೆಗೆ ಬಂದ ಮಗಳನ್ನು, ಅವಳೆಷ್ಟೇ ಚೆನ್ನಾಗಿ ಕನ್ನಡ ಬಲ್ಲವಳಾಗಿರಲಿ, ದುಭಾಷಿಯಾಗಿ ಕೂರಿಸಬೇಡಿ. ತಾಯಿ ಅರ್ಧ ಮಾತನ್ನು ನುಂಗಿಕೊಳ್ಳುತ್ತಾಳೆ.