ಮನೆಯಲ್ಲೇ ಆರೈಕೆ, ಜೊತೆಗೆ ಕಾಲೇಜು: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಪ್ಪನನ್ನೋ ಅಮ್ಮನನ್ನೋ ಒಡಹುಟ್ಟಿದವರನ್ನೋ ನೋಡಿಕೊಳ್ಳುತ್ತಲೇ ಓದುತ್ತಿರುವ, ಈಗಷ್ಟೇ ಕೆಲಸಕ್ಕೆ ಸೇರಿರುವ ಹುಡುಗ ಹುಡುಗಿಯರ ಪತ್ರಗಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ನರ್ಸಿಂಗ್, ಫಿಸಿಯೋಥೆರಪಿ ಮತ್ತು ಸಮಾಜಕಾರ್ಯ ಬಲ್ಲ ನಮ್ಮ ಬಳಗದವರು.

ಅಪ್ಪನಿಗೆ ಲಕ್ವ ಹೊಡೆದು ಎರಡು ತಿಂಗಳಾಯಿತು. ಎಡಗೈ, ಎಡಗಾಲು ಆಡುವುದಿಲ್ಲ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ನಾನು ಬಿ.ಕಾಂ. ಕೊನೆಯ ವರ್ಷ. ಅವರನ್ನು ಎತ್ತಿ ವೀಲ್‌ಚೇರ್‌ಗೆ ಕೂರಿಸಿ ಕೂರಿಸಿ ನನ್ನ ಸೊಂಟ ಹಿಡಿದುಕೊಂಡಿದೆ. ಅವರ ಬೆನ್ನಿನ ಕೆಳಗೆ ಕೆಂಪಗಾಗಿದೆ. ಪೌಡರ್ ಹಾಕಿ ತಿಕ್ಕುತ್ತಿದ್ದೇನೆ, ಕಡಿಮೆಯಾಗಿಲ್ಲ.
— ಓದುಗ, ತುಮಕೂರು

ತಿಕ್ಕುವುದನ್ನು ಇವತ್ತೇ ನಿಲ್ಲಿಸಿ. ಒತ್ತಡದಿಂದ ನೊಂದ ಚರ್ಮವನ್ನು ತಿಕ್ಕಿದರೆ ಒಳಗಿನ ಸಣ್ಣ ರಕ್ತನಾಳಗಳು ಇನ್ನಷ್ಟು ಒಡೆಯುತ್ತವೆ. ಕೆಂಪಾದ ಜಾಗದ ಮೇಲೆ ಬೆರಳಿಟ್ಟು ಒತ್ತಿ, ಬಿಡಿ. ಒತ್ತಿದಲ್ಲಿ ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ, ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಂಡರೆ ಇಳಿಯುತ್ತದೆ. ಬಿಳಿಚದೆ ಹಾಗೇ ಉಳಿದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಸರಿಯಾಗಿ ಕಾಣುವುದಿಲ್ಲ. ಅಂಥವರಿಗೆ ಅಂಗೈಯ ಹಿಂಭಾಗ ತಾಗಿಸಿ ನೋಡಿ: ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ? ಚರ್ಮ ಸುಲಿದಿದ್ದರೆ, ಗುಳ್ಳೆ ಎದ್ದಿದ್ದರೆ, ವಾಸನೆ ಬಂದರೆ ಮನೆಮದ್ದು ಬೇಡ, ವೈದ್ಯರಿಗೆ ತೋರಿಸಿ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ನಿಮಗೆ ಆಸ್ಪತ್ರೆಯಲ್ಲಿ ಹೇಳಿರುತ್ತಾರೆ. ಎಷ್ಟು ವಾಲಿಸಬೇಕು ಎಂಬುದನ್ನು ಹೇಳುವವರು ಕಡಿಮೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಎಲುಬಿನ ಮೇಲೆ ಬಿದ್ದು ಅಲ್ಲೂ ಹುಣ್ಣಾಗುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ಉದ್ದಕ್ಕೆ ಒಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದೆ ತೂಗುವಂತೆ ಮಾಡಿ. ನಡುವೆ ತೂತಿರುವ ಟ್ಯೂಬಿನಂಥ ದಿಂಬು ಬೇಡ, ಅದರ ಅಂಚು ಸುತ್ತಲೂ ಒತ್ತಿ ರಕ್ತ ತಡೆಯುತ್ತದೆ. ಇನ್ನೊಂದು ಮಾಮೂಲಿ ತಪ್ಪು ಊಟ ಮುಗಿದ ಮೇಲೂ ತಲೆದೆಸೆಯನ್ನು ಎತ್ತರದಲ್ಲೇ ಗಂಟೆಗಟ್ಟಲೆ ಬಿಡುವುದು. ದೇಹ ಮೆಲ್ಲಗೆ ಕೆಳಗೆ ಜಾರುತ್ತದೆ, ಚರ್ಮ ಮಾತ್ರ ದುಪ್ಪಟಿಗೆ ಅಂಟಿಕೊಂಡಿರುತ್ತದೆ. ಬೆನ್ನಿನ ಕೆಳಗಿನ ಹುಣ್ಣು ಎಷ್ಟೋ ಸಲ ಶುರುವಾಗುವುದು ಹೀಗೆ. ಊಟವಾಗಿ ಅರ್ಧ ಗಂಟೆ ನೆಟ್ಟಗೆ ಕೂರಿಸಿ, ಆಮೇಲೆ ತಗ್ಗಿಸಿ.

ನೀವು ತರಗತಿಯಲ್ಲಿರುವಾಗ ಮಗ್ಗುಲು ಬದಲಿಸುವವರು ಯಾರು? ಏರ್ ಬೆಡ್ ಇದ್ದರೆ ಸ್ವಲ್ಪ ಅನುಕೂಲ. ಆದರೆ ಮಗ್ಗುಲು ಬದಲಿಸುವುದನ್ನು ಅದು ಪೂರ್ತಿ ತಪ್ಪಿಸುವುದಿಲ್ಲ. ಮಧ್ಯಾಹ್ನ ಒಂದೇ ಒಂದು ಸಲ ಬಂದು ಹೋಗುವಂತೆ ಪಕ್ಕದ ಮನೆಯವರನ್ನು ಕೇಳಿ. ಏರ್ ಬೆಡ್ ತಂದರೆ ಅದನ್ನು ಮಾಮೂಲಿ ಹಾಸಿಗೆಯ ಮೇಲೆಯೇ ಹಾಸಿ, ಕರೆಂಟು ಹೋಗಿ ಗಾಳಿ ಇಳಿದರೂ ಬರಿ ಹಲಗೆ ಒತ್ತಬಾರದು. ಅಪ್ಪ ಮಲಗಿರುವಾಗ ಅವರ ಸೊಂಟದ ನೇರಕ್ಕೆ ಬೆಡ್ಡಿನ ಅಡಿಗೆ ಅಂಗೈ ತೂರಿಸಿ ನೋಡಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು. ಮೇಲೆ ಒಂದೇ ತೆಳ್ಳನೆ ಹತ್ತಿ ದುಪ್ಪಟಿ ಸಾಕು, ನಾಲ್ಕು ಪದರ ಹಾಸಿದರೆ ಏರ್ ಬೆಡ್ ಇದ್ದೂ ಇಲ್ಲದಂತೆ.

ಇನ್ನು ನಿಮ್ಮ ಸೊಂಟ. ಅಪ್ಪನನ್ನು ಎತ್ತಬೇಡಿ, ಅವರೇ ಏಳುವಂತೆ ಮಾಡಿ. ಅವರ ಬಲಗಾಲಿಗೆ ಬಲವಿದೆ, ಹಾಗಾಗಿ ವೀಲ್‌ಚೇರ್ ಅವರ ಬಲಬದಿಗೆ, ಮಂಚಕ್ಕೆ ಓರೆಯಾಗಿ ಇರಲಿ. ಎರಡೂ ಬ್ರೇಕ್ ಹಾಕಿ, ಕಾಲಿಡುವ ಹಲಗೆಗಳನ್ನು ಮಡಚಿ. ಅಪ್ಪ ಮಂಚದ ಅಂಚಿಗೆ ಸರಿದು, ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವಂತೆ ಕೂರಬೇಕು. ಕಾಲಿಗೆ ಜಾರದ ಚಪ್ಪಲಿ ಇರಲಿ, ಬರೀ ಕಾಲುಚೀಲ ಬೇಡ. ಸೊಂಟಕ್ಕೆ ಅಗಲ ಬೆಲ್ಟನ್ನೋ ಮಡಚಿದ ಪಂಚೆಯನ್ನೋ ಬಿಗಿಯಾಗಿ ಕಟ್ಟಿ, ನೀವು ಹಿಡಿಯಬೇಕಾದದ್ದು ಅದನ್ನು. ನಿಮ್ಮ ಮೊಣಕಾಲನ್ನು ಅವರ ಎಡ ಮೊಣಕಾಲಿಗೆ ಆತು ಇಡಿ, ಅದು ಮಡಿಚಿಕೊಳ್ಳದಂತೆ. ‘ಮುಂದಕ್ಕೆ ಬಾಗಿ’ ಎನ್ನಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಿದರೆ ಪೃಷ್ಠ ತಾನಾಗಿ ಹಗುರಾಗುತ್ತದೆ. ಬಾಗದೆ ಹಿಂದಕ್ಕೆ ವಾಲಿಕೊಂಡವರನ್ನು ಎಳೆಯಲು ಹೋದಾಗಲೇ ಸೊಂಟ ಹಿಡಿಯುವುದು. ಒಂದು, ಎರಡು, ಮೂರು ಎಂದು ಎಣಿಸಿ ಎಬ್ಬಿಸಿ, ಬಲಗಾಲಿನ ಮೇಲೆ ತಿರುಗಿಸಿ ಕೂರಿಸಿ. ನಿಮ್ಮ ಕೊರಳನ್ನು ಅವರು ತಬ್ಬಬಾರದು. ಅವರ ಕಂಕುಳಿಗೆ ಕೈಕೊಟ್ಟು, ಎಡಗೈ ಹಿಡಿದು ನೀವು ಎಳೆಯಬಾರದು. ಸ್ವಾಧೀನ ತಪ್ಪಿದ ಭುಜ ಕೀಲಿನಿಂದ ಜಾರಿದರೆ ಆ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಬಲಗಾಲೂ ಭಾರ ತಡೆಯದ ದಿನ ಒಬ್ಬರೇ ಈ ಕೆಲಸಕ್ಕೆ ಇಳಿಯಬೇಡಿ.

ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋದಾಗ ‘ತೋರಿಸಿಕೊಡಿ’ ಎನ್ನುವ ಬದಲು ‘ನಾನು ಮಾಡ್ತೀನಿ, ನೀವು ನೋಡಿ ತಿದ್ದಿ’ ಎನ್ನಿ. ನಿಮ್ಮ ಸೊಂಟ ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ ನಿಮ್ಮ ಹೆಸರಲ್ಲೇ ಒಂದು ಚೀಟಿ ಮಾಡಿಸಿ ತೋರಿಸಿಕೊಳ್ಳಿ.

ಅಮ್ಮನಿಗೆ ವಾರಕ್ಕೆ ಎರಡು ದಿನ ಡಯಾಲಿಸಿಸ್, ಸೋಮವಾರ ಮತ್ತು ಗುರುವಾರ. ಕರೆದುಕೊಂಡು ಹೋಗುವವಳು ನಾನೊಬ್ಬಳೇ. ಬಿ.ಎಸ್ಸಿ. ಎರಡನೇ ವರ್ಷ. ಹಾಜರಾತಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಎನ್ನುತ್ತಿದ್ದಾರೆ. ಕಾಲೇಜು ಬಿಡುವುದೇ ವಾಸಿಯೇ?
— ಓದುಗಿ, ಹಾಸನ

ಬಿಡಬೇಡಿ, ಮೊದಲು ಲೆಕ್ಕ ಹಾಕಿ. ಸೆಮಿಸ್ಟರಿಗೆ 16 ವಾರ, ವಾರಕ್ಕೆ 6 ದಿನ ಎಂದರೆ 96 ದಿನ. ವಾರಕ್ಕೆ ಎರಡು ದಿನ ತಪ್ಪಿದರೆ ಹಾಜರಾತಿ ಶೇ. 67ಕ್ಕೆ ಇಳಿಯುತ್ತದೆ, ಬೇಕಿರುವುದು ಶೇ. 75. ಒಂದೇ ದಿನ ತಪ್ಪಿದರೆ ಶೇ. 83. ಅಂದರೆ ಎರಡರಲ್ಲಿ ಒಂದು ಪಾಳಿಗೆ ಬೇರೊಬ್ಬರು ಸಿಕ್ಕರೆ ನಿಮ್ಮ ವರ್ಷ ಉಳಿಯುತ್ತದೆ. ‘ಸಹಾಯ ಬೇಕಿದ್ರೆ ಹೇಳು’ ಎನ್ನುವ ಚಿಕ್ಕಪ್ಪನಿಗೋ ಅತ್ತೆಗೋ ‘ಪ್ರತಿ ಗುರುವಾರ ನೀವು’ ಎಂದು ದಿನ ಹೆಸರಿಸಿಯೇ ಕೇಳಿ.

ಡಯಾಲಿಸಿಸ್ ಒಂದು ಸಲಕ್ಕೆ ಸುಮಾರು 4 ಗಂಟೆ. ದಿನಕ್ಕೆ ಎರಡು ಮೂರು ಪಾಳಿ ನಡೆಸುವ ಕೇಂದ್ರವಾದರೆ ಮಧ್ಯಾಹ್ನದ ಪಾಳಿ ಕೇಳಿ, ಬೆಳಗಿನ ತರಗತಿಗಳಾದರೂ ಸಿಗುತ್ತವೆ. ಖಾಲಿ ಇಲ್ಲವೆಂದರೆ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ ಬನ್ನಿ. ಹಾಜರಾತಿಯನ್ನು ವಿಷಯವಾರು ಲೆಕ್ಕ ಹಾಕುವ ಕಡೆ ಇನ್ನೊಂದು ತೊಡಕಿದೆ: ವಾರದಲ್ಲಿ ಸದಾ ಅದೇ ಎರಡು ದಿನ ತಪ್ಪಿದರೆ ಆ ದಿನದ ಪ್ರಾಕ್ಟಿಕಲ್ ಪೂರ್ತಿ ಕೈತಪ್ಪುತ್ತದೆ. ಬೇರೆ ಬ್ಯಾಚಿನ ಜೊತೆ ಲ್ಯಾಬ್ ಮಾಡಲು ವಿಭಾಗದ ಮುಖ್ಯಸ್ಥರನ್ನು ಕೇಳಿ, ಇದಕ್ಕೆ ಇಲ್ಲವೆನ್ನುವವರು ಕಡಿಮೆ.

ಪ್ರಾಂಶುಪಾಲರಿಗೆ ಪತ್ರವನ್ನು ಸೆಮಿಸ್ಟರಿನ ಮೊದಲ ವಾರಗಳಲ್ಲೇ ಕೊಡಿ. ಪರೀಕ್ಷೆಯ ಹಿಂದಿನ ವಾರ ತಂದ ಪತ್ರ ನೆಪದಂತೆ ಕಾಣುತ್ತದೆ. ಡಯಾಲಿಸಿಸ್ ಕೇಂದ್ರದಿಂದ ಅಮ್ಮನ ದಿನ, ಸಮಯ, ಜೊತೆಗೆ ಬರುವವರು ನೀವು ಎಂಬುದನ್ನು ಬರೆಸಿಕೊಂಡು ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿ. ಇಷ್ಟಾಗಿಯೂ ಸಾಗದಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಆದರೆ ಅಲ್ಲಿ ಪ್ರವೇಶ ಖಚಿತವಾಗುವ ಮೊದಲು ಇಲ್ಲಿ ಟಿ.ಸಿ. ತೆಗೆದುಕೊಳ್ಳಬೇಡಿ.

ನೋಡಲು ಬರುವ ನೆಂಟರು ಎಳನೀರು, ಬಾಳೆಹಣ್ಣು ತರುತ್ತಾರೆ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು, ಮೂತ್ರಪಿಂಡ ಕೆಟ್ಟವರಲ್ಲಿ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ಜೋಡಿಸಿದ ರಕ್ತನಾಳ) ಇರುವ ಕೈಗೆ ಬಿ.ಪಿ. ಪಟ್ಟಿ, ಇಂಜೆಕ್ಷನ್, ಬಿಗಿ ಬಳೆ, ಭಾರದ ಚೀಲ ಯಾವುದೂ ಬೇಡ.

ಅಮ್ಮ ನಿವೃತ್ತ ಶಿಕ್ಷಕಿ. ಕೈ ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯಿಂದ ಸಹಿ ಮಾಡಲಾಗುತ್ತಿಲ್ಲ. ಬುದ್ಧಿ ಚುರುಕಾಗಿದೆ. ಬ್ಯಾಂಕಿನವರು ‘ಅವರನ್ನೇ ಕರೆದುಕೊಂಡು ಬನ್ನಿ’ ಎನ್ನುತ್ತಾರೆ. ಎ.ಟಿ.ಎಂ. ಕಾರ್ಡಿನಿಂದ ನಾನೇ ತೆಗೆಯುತ್ತಿದ್ದೇನೆ. ಪುಣೆಯಲ್ಲಿರುವ ಅಣ್ಣ ಲೆಕ್ಕ ಕೇಳುತ್ತಾನೆ.
— ಓದುಗಿ, ಧಾರವಾಡ

ಕಾರ್ಡಿನ ದಾರಿ ಬಿಡಿ. ಪಿನ್ ಇನ್ನೊಬ್ಬರ ಕೈಗೆ ಕೊಡುವುದು ಬ್ಯಾಂಕಿನ ನಿಯಮಕ್ಕೆ ವಿರುದ್ಧ, ನಾಳೆ ಅಣ್ಣ ತಂಗಿಯ ನಡುವೆ ಮಾತು ಬೆಳೆದರೆ ಸಿಕ್ಕಿಹಾಕಿಕೊಳ್ಳುವವರು ನೀವು.

ಕಾಯಿಲೆಯಿಂದ ಸಹಿ ಮಾಡಲಾಗದ, ಬ್ಯಾಂಕಿಗೂ ಬರಲಾಗದ ಖಾತೆದಾರರಿಗೆ ರಿಸರ್ವ್ ಬ್ಯಾಂಕ್ ದಾರಿ ಮಾಡಿಟ್ಟಿದೆ. ಚೆಕ್ಕಿನ ಅಥವಾ ಹಣ ತೆಗೆಯುವ ಫಾರಂನ ಮೇಲೆ ಹೆಬ್ಬೆಟ್ಟು ಒತ್ತಬಹುದು. ಕೈಬೆರಳು ಆಗದಿದ್ದರೆ ಕಾಲ್ಬೆರಳಿನ ಗುರುತೂ ನಡೆಯುತ್ತದೆ. ಅದನ್ನು ಇಬ್ಬರು ಸ್ವತಂತ್ರ ಸಾಕ್ಷಿಗಳು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಹಣ ಪಡೆಯಲು ಬರುವವರು ಯಾರೆಂದು ಅಮ್ಮನೇ ತಿಳಿಸಬೇಕು. ಆ ವ್ಯಕ್ತಿಯನ್ನೂ ಇಬ್ಬರು ಸಾಕ್ಷಿಗಳು ಗುರುತಿಸಿ, ಬ್ಯಾಂಕಿನಲ್ಲಿ ಅವರ ಸಹಿ ಪಡೆದುಕೊಳ್ಳುತ್ತಾರೆ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಿದರೆ ‘ಆಗಲ್ಲ’ ಎಂಬ ಉತ್ತರವೇ ಬರುವುದು. ವೈದ್ಯರ ಪತ್ರದೊಂದಿಗೆ ಮ್ಯಾನೇಜರಿಗೆ ಬರವಣಿಗೆಯಲ್ಲಿ ಕೊಡಿ, ಅಧಿಕಾರಿ ಮನೆಗೆ ಬರುವ ದಿನವನ್ನೂ ಅದರಲ್ಲೇ ಕೇಳಿ. 70 ದಾಟಿದವರಿಗೆ, ಅಂಗವಿಕಲರಿಗೆ ಮನೆಬಾಗಿಲಿನ ಸೇವೆ ಕೊಡಬೇಕೆಂಬ ಸೂಚನೆಯೂ 2017ರಿಂದ ಇದೆ.

ಪಿಂಚಣಿಗೆ ಬೇಕಾದ ನವೆಂಬರಿನ ಜೀವಿತ ಪ್ರಮಾಣಪತ್ರಕ್ಕೆ ಅಮ್ಮನನ್ನು ಹೊತ್ತುಕೊಂಡು ಹೋಗಬೇಕಿಲ್ಲ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಮನೆಯಲ್ಲೇ ಮಾಡಬಹುದು. ಕಿಟಕಿಯ ಎದುರು, ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ, ಕಣ್ಣು ಮಿಟುಕಿಸಲು ಹೇಳಿ. ಪಾರ್ಕಿನ್ಸನ್ ಇದ್ದವರು ಕಣ್ಣು ಮಿಟುಕಿಸುವುದು ಕಡಿಮೆ, ಒಂದೆರಡು ಸಲ ಕೆಟ್ಟರೆ ಗಾಬರಿ ಬೇಡ. ಆಗದಿದ್ದರೆ ಪೋಸ್ಟ್‌ಮ್ಯಾನ್ ಮನೆಗೆ ಬಂದು ಮಾಡಿಕೊಡುವ ಸೇವೆಯೂ ಇದೆ.

ಅಣ್ಣನಿಗೆ ತಿಂಗಳ ಲೆಕ್ಕದ ಫೋಟೋ ಕಳಿಸಿ. ಆ ಲೆಕ್ಕದಲ್ಲಿ ನೀವು ಅಮ್ಮನ ಜೊತೆ ಕಳೆದ ಗಂಟೆಗಳ ಒಂದು ಸಾಲೂ ಇರಲಿ. ಜಗಳಕ್ಕಲ್ಲ, ವಾರಕ್ಕೆ ಇಷ್ಟು ಗಂಟೆ ಸಹಾಯಕಿಯನ್ನು ಇಡೋಣ ಎಂಬ ಮಾತಿಗೆ ಅದೇ ಆಧಾರ.

ಅಣ್ಣನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. ಚೆನ್ನಾಗಾದ ಎಂದು ತಾನೇ ಮಾತ್ರೆ ನಿಲ್ಲಿಸುತ್ತಾನೆ. ಅಮ್ಮ ಸಾರಿನಲ್ಲಿ ಕಲೆಸಿ ಕೊಡು ಎನ್ನುತ್ತಾರೆ.
— ಓದುಗ, ಚಿತ್ರದುರ್ಗ

ಕಲೆಸಬೇಡಿ. ಅರ್ಧ ಸಾರು ಬಿಟ್ಟ ದಿನ ಎಷ್ಟು ಔಷಧಿ ಹೋಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದ ದಿನ ಊಟವನ್ನೇ ಅನುಮಾನಿಸುತ್ತಾನೆ, ಈ ಕಾಯಿಲೆಯಲ್ಲಿ ವಿಷದ ಅನುಮಾನ ಮೊದಲೇ ಇರುವುದುಂಟು.

ಯಾಕೆ ಬಿಡುತ್ತಾನೆ ಎಂದು ಕೇಳಿ ನೋಡಿ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಹಗಲೆಲ್ಲ ನಿದ್ದೆ, ತೂಕ ಏರಿದೆ: ಹೀಗೆ ಏನೋ ಒಂದಿರುತ್ತದೆ. ಪ್ರಮಾಣ ಬದಲಿಸಿ, ರಾತ್ರಿಗೆ ಹೊಂದಿಸಿ ವೈದ್ಯರು ಇವನ್ನು ಸರಿಮಾಡಬಲ್ಲರು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್‌ಗಳೂ ಇವೆ, ಅವನು ಒಪ್ಪಿದರೆ ಮನೆಯ ದಿನನಿತ್ಯದ ಜಗಳ ನಿಲ್ಲುತ್ತದೆ. ಮತ್ತೆ ಕೆರಳುವ ಮೊದಲ ಸುಳಿವು ಹೆಚ್ಚಾಗಿ ನಿದ್ದೆ. ಎರಡು ರಾತ್ರಿ ಮಲಗದಿದ್ದರೆ ಮೂರನೆಯದಕ್ಕೆ ಕಾಯಬೇಡಿ. 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದು ರೋಗಿಗಳಿಗಷ್ಟೇ ಅಲ್ಲ, ನಿಮಗೂ ಇದೆ.

ಅಣ್ಣ ಸಮಾಧಾನವಾಗಿರುವಾಗಲೇ, 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ತನ್ನ ನಾಮನಿರ್ದೇಶಿತ ಪ್ರತಿನಿಧಿ ಯಾರೆಂದು ಬರೆದು ಸಹಿ ಮಾಡಿಕೊಡಲಿ. ಮುಂದೆ ಅವನು ಒಪ್ಪದೆ ಅಪಾಯದ ಸ್ಥಿತಿಗೆ ಹೋದರೆ ದಾಖಲಾತಿಗೆ ಅರ್ಜಿ ಕೊಡುವವರು ಆ ಪ್ರತಿನಿಧಿಯೇ. ಮನೋವೈದ್ಯರೂ ಸೇರಿ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು, ಮೊದಲಿಗೆ ಅವಧಿ 30 ದಿನದವರೆಗೆ. ಆ ಪ್ರತಿನಿಧಿ ನೀವೇ ಆಗಬೇಕೆಂದೇನಿಲ್ಲ.

ತಂಗಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ), ಈಗ 18 ತುಂಬಿತು. ಏನಾದರೂ ಕಾಗದ ಮಾಡಿಸಬೇಕೇ?
— ಓದುಗಿ, ಉಡುಪಿ

ಹೌದು. 18 ತುಂಬಿದ ಮೇಲೆ ಕಾನೂನಿನ ಕಣ್ಣಿನಲ್ಲಿ ಅಪ್ಪ ಅಮ್ಮ ತಾವಾಗಿಯೇ ಪೋಷಕರಾಗಿ (ಗಾರ್ಡಿಯನ್) ಉಳಿಯುವುದಿಲ್ಲ. ಅವಳಿಗೆ ಪೋಷಕರು ಬೇಕೆಂದಿದ್ದರೆ, 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಅವಳ ಬುದ್ಧಿ ಚೆನ್ನಾಗಿದ್ದು ಕೈಕಾಲಿನ ತೊಂದರೆಯಷ್ಟೇ ಇದ್ದರೆ ಇದು ಬೇಡವೇ ಬೇಡ, ಅವಳ ಸಹಿ ಅವಳದೇ. ಅದೇ ನ್ಯಾಸದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆ, ಥೆರಪಿಯ ವೆಚ್ಚ ಸಿಗುತ್ತದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024-25ರ ರಾಜ್ಯ ಬಜೆಟ್ ಘೋಷಿಸಿತು (ಧಾರವಾಡದ ಓದುಗಿಯೂ ಗಮನಿಸಲಿ). ಯು.ಡಿ.ಐ.ಡಿ. ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮೊದಲು ಮಾಡಿಸಿಡಿ. ಇವುಗಳ ಅರ್ಜಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಇಂಥವರೊಬ್ಬರು ಇದ್ದಾರೆ ಎಂಬುದೇ ಬಹಳ ಮನೆಗಳಿಗೆ ಗೊತ್ತಿಲ್ಲ.

ಗೆಳತಿಯರು ಎರಡು ದಿನ ಚಿಕ್ಕಮಗಳೂರಿಗೆ ಕರೆಯುತ್ತಿದ್ದಾರೆ. ಮನೆಗೆ ಅತ್ತೆ ಬರುತ್ತಾರಂತೆ. ಮರೆವಿನ ಕಾಯಿಲೆಯ ಅಜ್ಜಿಯನ್ನು ಬಿಟ್ಟು ಹೋಗುವುದು ತಪ್ಪಲ್ಲವೇ?
— ಓದುಗಿ, ಮೈಸೂರು

ಅಲ್ಲ. ಹೋಗಿ ಬನ್ನಿ. ಅತ್ತೆ ಒಂದು ದಿನ ಮೊದಲೇ ಬಂದು ನಿಮ್ಮ ಜೊತೆಗೇ ಅಜ್ಜಿಯನ್ನು ನೋಡಿಕೊಳ್ಳಲಿ. ಅಜ್ಜಿಯನ್ನು ಅವರ ಮನೆಗೆ ಕಳಿಸಬೇಡಿ, ಹೊಸ ಜಾಗದಲ್ಲಿ ಗಲಿಬಿಲಿ ಹೆಚ್ಚುತ್ತದೆ. ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಮಾತ್ರೆ ಯಾವ ಹೊತ್ತಿಗೆ, ಬಚ್ಚಲಿಗೆ ಎಷ್ಟು ಹೊತ್ತಿಗೊಮ್ಮೆ ಕರೆದೊಯ್ಯಬೇಕು, ಯಾವ ಸೀರೆಗೆ ಹಟ. ಸಂಜೆ ‘ನಮ್ಮನೆಗೆ ಹೋಗ್ತೀನಿ’ ಎಂದು ಎದ್ದರೆ ‘ಇದೇ ನಿಮ್ಮನೆ’ ಎಂದು ವಾದಿಸದೆ, ದೀಪ ಹಾಕಿ, ಕಾಫಿ ಕೊಟ್ಟು, ಬಿಡಿಸಲು ಅವರೆಕಾಯಿ ಮುಂದಿಡಬೇಕು ಎಂಬುದನ್ನೂ ಬರೆಯಿರಿ. ಮುಂಬಾಗಿಲ ಚಿಲಕ ಮೇಲಿನದನ್ನು ಹಾಕಬೇಕು. ಅಜ್ಜಿಯ ಇತ್ತೀಚಿನ ಒಂದು ಫೋಟೋ ಅತ್ತೆಯ ಫೋನಿನಲ್ಲಿರಲಿ. ಇದ್ದಕ್ಕಿದ್ದಂತೆ ಗೊಂದಲ ವಿಪರೀತವಾದರೆ ಅದು ಮರೆವಲ್ಲ, ಹೆಚ್ಚಾಗಿ ಮೂತ್ರದ ಸೋಂಕೋ ಜ್ವರವೋ ಇರುತ್ತದೆ, ಅವತ್ತೇ ವೈದ್ಯರ ಬಳಿ ಹೋಗಬೇಕು. ಮೊದಲ ದಿನ ರಾತ್ರಿ ಒಂದು ಸಲ ಫೋನ್ ಮಾಡಿ, ಗಂಟೆಗೊಮ್ಮೆ ಬೇಡ.