ವಿಕ್ಟೋರಿಯನ್ ಕಾದಂಬರಿಗಳು, ಅಂದರೆ ವಿಕ್ಟೋರಿಯಾ ರಾಣಿ ಕಾಲದ ಇಂಗ್ಲಿಷ್ ಕಾದಂಬರಿಗಳು, ಯಾಕೆ ಅಷ್ಟು ಉದ್ದ? ಡಿಕನ್ಸ್‌ಗೆ ಪದಕ್ಕಿಷ್ಟು ಅಂತ ದುಡ್ಡು ಕೊಡ್ತಿದ್ರಾ?

ಇಲ್ಲ, ಪದಕ್ಕಿಷ್ಟು ಅಂತ ಕೊಡ್ತಿರಲಿಲ್ಲ. ಇಂಗ್ಲಿಷ್ ಎಂಎ ತರಗತಿಗಳಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ ಅದು. ಡಿಕನ್ಸ್ ಲೆಕ್ಕ ಕಂತಿನದು. 'ಪಿಕ್‌ವಿಕ್ ಪೇಪರ್ಸ್' 1836ರಲ್ಲಿ ತಿಂಗಳಿಗೊಂದು ತೆಳು ಪುಸ್ತಿಕೆಯಾಗಿ ಶುರುವಾಯಿತು, ಬೆಲೆ ಒಂದು ಶಿಲ್ಲಿಂಗ್. ಮೊದಲ ಕಂತುಗಳು ಅಷ್ಟೇನೂ ಓಡಲಿಲ್ಲ. ಸ್ಯಾಮ್ ವೆಲ್ಲರ್ ಅನ್ನೋ ವಾಚಾಳಿ ಆಳು ಕಥೆಯೊಳಗೆ ಬಂದ ಮೇಲೆ ಮಾರಾಟ ಏರುತ್ತಾ ಹೋಗಿ ಕೊನೆಗೆ ಕಂತಿಗೆ ಸುಮಾರು 40,000 ಪ್ರತಿ ಮುಟ್ಟಿತು. 32 ಪುಟ, ಎರಡು ಚಿತ್ರ ಅನ್ನೋ ಅಳತೆ ಅಲ್ಲಿಂದ ಕಾಯಂ. ಅಷ್ಟು ಪುಟ ತುಂಬಲೇಬೇಕು, ಹೆಚ್ಚಾದರೆ ಕತ್ತರಿ. ತಿಂಗಳು ಕಳೆದು ಬಂದ ಓದುಗ ಪಾತ್ರವನ್ನು ತಕ್ಷಣ ಗುರುತು ಹಿಡೀಬೇಕಲ್ಲ, ಅದಕ್ಕೇ ಡಿಕನ್ಸ್‌ನ ಒಬ್ಬೊಬ್ಬರಿಗೂ ಒಂದೊಂದು ಮಾತಿನ ಚಟ. ಸುಧಾ, ತರಂಗದ ಧಾರಾವಾಹಿಗೆ ವಾರವಿಡೀ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಕಂತಿನಲ್ಲಿ ಬರದ ಕಾದಂಬರಿಗಳೂ ಉದ್ದವೇ. ಅದಕ್ಕೆ ಕಾರಣ ಬಾಡಿಗೆ ಗ್ರಂಥಾಲಯ. ಹೊಸ ಕಾದಂಬರಿ ಮೂರು ಸಂಪುಟದಲ್ಲಿ ಬರಬೇಕು, ಬೆಲೆ 31 ಶಿಲ್ಲಿಂಗ್ 6 ಪೆನ್ಸ್. ಹೊಲದ ಕೂಲಿಯವನಿಗೆ ವಾರಕ್ಕೆ ಹತ್ತು ಶಿಲ್ಲಿಂಗ್ ಆಸುಪಾಸು ಸಿಗುತ್ತಿದ್ದ ಕಾಲ ಅದು. ಕೂಲಿಯವನಿರಲಿ, ಮಧ್ಯಮ ವರ್ಗದವರೂ ಕೊಳ್ಳುತ್ತಿರಲಿಲ್ಲ. 1842ರಲ್ಲಿ ಚಾರ್ಲ್ಸ್ ಎಡ್ವರ್ಡ್ ಮೂಡಿ ಲಂಡನ್ನಿನಲ್ಲಿ ಗ್ರಂಥಾಲಯ ತೆರೆದ. ವರ್ಷಕ್ಕೆ ಒಂದು ಗಿನಿ, ಅಂದರೆ 21 ಶಿಲ್ಲಿಂಗ್, ಕೊಟ್ಟರೆ ಒಂದು ಸಲಕ್ಕೆ ಒಂದು ಸಂಪುಟ ಒಯ್ಯಬಹುದು. ಒಂದೇ ಕಾದಂಬರಿ ಏಕಕಾಲಕ್ಕೆ ಮೂರು ಮನೆಯಲ್ಲಿ ಓದಿಸಿಕೊಳ್ಳುತ್ತಿತ್ತು. ಮೂಡಿಗೂ ಲಾಭ, ನೂರಾರು ಪ್ರತಿ ಒಟ್ಟಿಗೆ ಮಾರಿಕೊಳ್ಳುವ ಪ್ರಕಾಶಕರಿಗೂ ಲಾಭ. ಹಿಗ್ಗಿಸಿ ಬರೆಯುವ ಕರ್ಮ ಲೇಖಕರದು.

ಈ ಮೂರು ಸಂಪುಟದ ಅಚ್ಚಿಗೆ ಹೊಂದದಿದ್ದರೆ? 1847ರಲ್ಲಿ ಎಮಿಲಿ ಬ್ರಾಂಟೆಯ 'ವುದರಿಂಗ್ ಹೈಟ್ಸ್' ಎರಡೇ ಸಂಪುಟವಾಯಿತು. ಮೂರನೆಯದಾಗಿ ತಂಗಿ ಆನ್‌ಳ 'ಆಗ್ನೆಸ್ ಗ್ರೇ' ಸೇರಿಸಿ ಒಂದು ಸೆಟ್ ಮಾಡಿ ಮಾರಿದರು!

ಮೂಡಿ ಮಡಿವಂತ ಬೇರೆ. ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಲಾಗದ್ದನ್ನು ಅವನು ಇಡುತ್ತಿರಲಿಲ್ಲ, ಅವನು ಇಡದಿದ್ದರೆ ಪುಸ್ತಕ ಮುಳುಗಿದಂತೆಯೇ. ಕಾದಂಬರಿಕಾರ ಜಾರ್ಜ್ ಮೂರ್ 1885ರಲ್ಲಿ ಇದರ ವಿರುದ್ಧ ಕಿರುಹೊತ್ತಿಗೆಯನ್ನೇ ಬರೆದ. ನನ್ನ ಕೇಳಿದರೆ, ಆ ಕಾಲದ ಕಾದಂಬರಿಯ ಸಂಕೋಚಕ್ಕೆ ರಾಣಿಗಿಂತ ಮೂಡಿಯೇ ಹೆಚ್ಚು ಹೊಣೆ. ಕೊನೆಗೆ 1894ರಲ್ಲಿ ಗ್ರಂಥಾಲಯಗಳೇ ಇಷ್ಟು ಬೆಲೆ ಕೊಡಲಾರೆವು ಎಂದವು. ಮೂರೇ ವರ್ಷದಲ್ಲಿ ಮೂರು ಸಂಪುಟದ ಪದ್ಧತಿ ಹೆಚ್ಚುಕಡಿಮೆ ಸತ್ತೇ ಹೋಯಿತು.

ಪರೀಕ್ಷೆಗೆ ಉದಾಹರಣೆ ಬೇಕಿದ್ದರೆ, ಎಮಿಲಿಯ ಅಕ್ಕ ಷಾರ್ಲಟ್ ಬರೆದ 'ಜೇನ್ ಐರ್' ಕಾದಂಬರಿಯ, ಮೂಲದ ಸಂಪುಟ ವಿಭಾಗ ಉಳಿಸಿಕೊಂಡಿರೋ ಪ್ರತಿ ಹುಡುಕಿ. ಎರಡನೇ ಸಂಪುಟ ಮುಗಿಯೋದು 26ನೇ ಅಧ್ಯಾಯಕ್ಕೆ. ಚರ್ಚಿನಲ್ಲಿ ಮದುವೆ ನಿಂತುಹೋಗಿ, ಮುಂದೇನು ಅಂತ ತೋಚದೆ ಜೇನ್ ಕೋಣೆಯಲ್ಲಿ ಕೂತಿರುವಾಗ. ಮೂರನೆಯದನ್ನು ಆಗಲೇ ಬೇರೆ ಯಾರಾದರೂ ಒಯ್ದಿದ್ದರೆ, ಓದುವವಳು ಕಾಯಬೇಕಿತ್ತು.